ಬೀಗದ ಕೈ ಯಾರ ಕೈಗೆ

ತಟ್ಟೆಯಿಂದ ಕೊನೆಯ ಇಡ್ಲಿ ಎಬ್ಬಿಸುವಷ್ಟರಲ್ಲಿ ಶ್ಯಾಮಲಾಳಿಗೆ ಗೊತ್ತಾಗಿಹೋಗಿತ್ತು, ಮನೆಯಲ್ಲಿ ಇವತ್ತು ಯಾರ ಮನಸ್ಸೂ ವರ್ತೂರಿನ ಗೃಹಪ್ರವೇಶದ ಮೇಲಿಲ್ಲ ಎಂದು. ಎಲ್ಲರ ಮನಸ್ಸೂ ಬೀಗದ ಕೈಯ ಸುತ್ತಲೇ ಸುತ್ತುತ್ತಿತ್ತು.

ಅತ್ತೆ ಅಶ್ವತ್ಥಮ್ಮನ ಅಣ್ಣ ಚಿಕ್ಕಬೈರಪ್ಪ ವರ್ತೂರಿನಲ್ಲಿ ನಾಲ್ಕು ಅಂತಸ್ತಿನ ಮನೆ ಎಬ್ಬಿಸಿದ್ದರು. ತಂಗಿಯ ಮನೆಯವರು ಹೋಗದಿದ್ದರೆ ಹಾಲು ಉಕ್ಕಿದಂತೆಯೇ ಅಲ್ಲ. ಆದರೆ ಬೇಗೂರಿನ ಈ ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಹೋಗುವ ಹಾಗಿರಲಿಲ್ಲ. ಹೋದ ತಿಂಗಳು ಇದೇ ಬೀದಿಯಲ್ಲಿ, ಮದುವೆಗೆಂದು ಹೊರಟವರ ಎರಡು ಮನೆಗಳನ್ನು ಹಾಡಹಗಲೇ ಒಡೆದಿದ್ದರು. ಯಾರಾದರೊಬ್ಬರು ಉಳಿಯಬೇಕು. ಉಳಿಯಲು ಇದ್ದವನು ಒಬ್ಬನೇ, ಶ್ಯಾಮಲಾಳ ಮೈದುನ ಶಶಿಕುಮಾರ್. ಅವನು ಬೈಕ್ ಕದ್ದು ಎರಡನೇ ಸಲ ಜೈಲಿಗೆ ಹೋಗಿ, ಯುಗಾದಿಗೆ ಮುಂಚೆ ಪರಪ್ಪನ ಅಗ್ರಹಾರದಿಂದ ವಾಪಸ್ ಬಂದಿದ್ದ.

"ಕಳ್ಳರ ಕಾಟ ಅಂತ ಮನೆ ಕಾಯೋಕೆ ಕಳ್ಳನ್ನೇ ಬಿಟ್ಟು ಹೋಗೋದಾ?" ಶ್ರೀಧರ್ ವಾಚು ಕಟ್ಟಿಕೊಳ್ಳುತ್ತಾ ಹೆಂಡತಿಗೆ ಮಾತ್ರ ಕೇಳುವ ಹಾಗೆ ಅಂದ.

"ಮೆಲ್ಲಗೆ ಹೇಳ್ರೀ. ಅಲ್ಲೇ ಕಾರು ಒರೆಸ್ತಾ ಇದಾನೆ."

"ಕೇಳಿಸ್ಕೊಳ್ಳಲಿ ಬಿಡು."

"ಹಂಗಾದ್ರೆ ಜೊತೇಲಿ ಕರ್ಕೊಂಡು ಹೋಗೋಣ."

ಅದು ಆಗುವ ಹಾಗಿರಲಿಲ್ಲ. ಕರೆದುಕೊಂಡು ಬರಬೇಡಿ ಎಂದು ಮಾವ ಚಿಕ್ಕಬೈರಪ್ಪ ಫೋನಿನಲ್ಲೇ ಹೇಳಿದ್ದರು. ನೆಂಟರಿಷ್ಟರು ಮೈತುಂಬ ಒಡವೆ ಹಾಕಿಕೊಂಡು ಬಂದಿರುತ್ತಾರೆ, ಯಾಕೆ ಸುಮ್ಮನೆ, ಎಂದಿದ್ದರು. ಇದು ಶಶಿಗೂ ಗೊತ್ತಿತ್ತು. ಅದಕ್ಕೇ ಅವನು ನಸುಕಿನಲ್ಲೇ ಎದ್ದು, ತನಗೇನೂ ಸಂಬಂಧವಿಲ್ಲದವನ ಹಾಗೆ, ಕಾರಿನ ಒಂದೇ ಬಾಗಿಲನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ಶ್ಯಾಮಲಾ ಗಂಡನನ್ನು ಕೇಳಿಕೊಂಡಿದ್ದ ಮಾತೊಂದು ಇನ್ನೂ ಹಾಗೇ ಉಳಿದಿತ್ತು. ಮನೆಯ ಕೆಳಗೆ, ರಸ್ತೆಗೆ ಮುಖ ಮಾಡಿ, ಒಂದು ಅಂಗಡಿ ಮಳಿಗೆ ಖಾಲಿ ಬಿದ್ದಿತ್ತು. ನಾಳೆ ಬೆಳಿಗ್ಗೆ ಮೊಬೈಲ್ ಅಂಗಡಿಯವನೊಬ್ಬ ಅದಕ್ಕೆ ಮಾತು ಮುಗಿಸಲು ಬರುವವನಿದ್ದ. ಅದನ್ನು ಅವನಿಗೆ ಕೊಡುವುದು ಬೇಡ, ಶಶಿಗೆ ಬೈಕ್ ರಿಪೇರಿ ಇಟ್ಟುಕೊಡೋಣ ಎಂದು ಅವಳು ಹತ್ತಾರು ಸಲ ಹೇಳಿದ್ದಳು. ಬೈಕಿನ ಹೊಟ್ಟೆಯೊಳಗಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎನ್ನುವವನು ಅವನು.

"ಸರಿ," ಅಂದ ಶ್ರೀಧರ್ ಕೊನೆಗೆ. "ಇವತ್ತೊಂದು ದಿನ ನೆಟ್ಟಗೆ ಮನೇಲಿ ಕೂತಿರಲಿ. ಕೂತಿದ್ರೆ ನಾಳೆ ಮೊಬೈಲಿನವನಿಗೆ ಬೇಡ ಅಂತೀನಿ. ಇಲ್ಲಾಂದ್ರೆ ಅಂಗಡಿ ಮಾತು ನೀನು ಇನ್ಮೇಲೆ ಎತ್ತಬಾರದು."

ಅಷ್ಟರಲ್ಲಿ ಅಶ್ವತ್ಥಮ್ಮ ಕೋಣೆಯಿಂದ ಹೊರಬಂದರು. ಕುತ್ತಿಗೆಗೆ ಅಡ್ಡಿಕೆ, ಅದರ ಕೆಳಗೆ ಗುಂಡಿನ ಸರ, ಅದರ ಕೆಳಗೆ ಕಾಸಿನ ಸರ, ಎಲ್ಲಕ್ಕಿಂತ ಕೆಳಗೆ ಶ್ಯಾಮಲಾಳ ಮದುವೆಯ ಉದ್ದನೆಯ ಹಾರ. ಬಿಸಿಲು ಏರುವ ಮೊದಲೇ ಮುದುಕಿ ಬೆವರುತ್ತಿದ್ದರು.

"ಅತ್ತೆ, ಮನೆ ಹೊಸದು. ಮದುಮಗಳು ನೀವೇನಾ ಅಂತ ಕೇಳ್ತಾರೆ ನಿಮ್ಮನ್ನ."

"ಕೇಳ್ಲಿ. ಅಣ್ಣನ ಮನೇಗೆ ಬರಿಗುತ್ತಿಗೇಲಿ ಓಗಕಾಯ್ತದಾ?" ಅಂದರು ಅತ್ತೆ, ಸೊಸೆಯ ಕಣ್ಣು ತಪ್ಪಿಸುತ್ತಾ. ಆಮೇಲೆ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅಂಗೈಯಲ್ಲಿ ತೂಗಿದರು. "ಮುಂಚೆಲ್ಲ ಇಂಗಿತ್ತಾ? ಮದ್ವೆಗಿದ್ವೆಗೆ ಓದ್ರೆ ಬೀಗದ ಕೈನ ಮುನೇಸ್ವರನ ತ್ರಿಸೂಲಕ್ಕೆ ತಗಲಾಕಿ ಓಯ್ತಿದ್ವಿ. ಯಾವನೂ ಮುಟ್ತಿರ್ನಿಲ್ಲ. ಈಗ ಆ ಮುನೇಸ್ವರನ ಉಂಡೀನೇ ಎಲ್ಡು ಸರ್ತಿ ಒಡೆದವ್ರೆ."

ಶ್ಯಾಮಲಾ ಗೊಂಚಲನ್ನು ಅತ್ತೆಯ ಕೈಯಿಂದ ಇಸಿದುಕೊಂಡು ನೇರ ಕಾರಿನ ಬಳಿ ಹೋದಳು.

"ಶಶಿ, ತಗೋ."

ಅವನು ನೋಡಿದ. ಗೇಟಿನದು, ಬಾಗಿಲಿನದು, ತಾರಸಿಯದು, ಮಳಿಗೆಯದು, ಬೀರುವಿನದು ಎಲ್ಲವೂ ಇದ್ದವು.

"ಇದೆಲ್ಲ ಯಾಕತ್ತಿಗೆ? ಬಾಗಿಲಿಂದು ಸಾಕು."

"ಎಲ್ಲಾ ಇರಲಿ. ನಿನ್ನ ಮನೆ ತಾನೆ?"

ಅವನು ಒಲೆಯಿಂದ ಇಳಿಸಿದ ಪಾತ್ರೆ ಹಿಡಿದವನ ಹಾಗೆ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಊಟಕ್ಕೆ ಚಿತ್ರಾನ್ನ ಇದೆ, ಹಾಲು ಫ್ರಿಜ್ಜಲ್ಲಿದೆ," ಎಂದಳು ಶ್ಯಾಮಲಾ. ದೊಡ್ಡ ಕೆಲಸವೊಂದನ್ನು ಮಾಡಿದೆನೆಂಬ ಸಮಾಧಾನ ಅವಳಿಗಾಯಿತು. ಆ ಸಮಾಧಾನ ಹರಳೂರು ರಸ್ತೆ ದಾಟುವವರೆಗೂ ಉಳಿಯಲಿಲ್ಲ.

ಸರ್ಜಾಪುರ ರಸ್ತೆಯಲ್ಲಿ ಕಾರು ನಿಂತು ನಿಂತು ಸಾಗುತ್ತಿತ್ತು. ಶ್ಯಾಮಲಾ ಮಡಿಲಲ್ಲಿದ್ದ ಹಣ್ಣಿನ ತಟ್ಟೆಯನ್ನು ಅತ್ತ ಇತ್ತ ತಿರುಗಿಸುತ್ತಾ ಕೂತಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಶಶಿ ಹೈಸ್ಕೂಲು ಹುಡುಗ. ಅವಳು ಮಾಡಿದ ಮೊದಲ ಒಬ್ಬಟ್ಟು ಹರಿದು ಚೂರಾದಾಗ, ಯಾರೂ ನೋಡುವ ಮೊದಲೇ ಚೂರುಗಳನ್ನೆಲ್ಲ ತಿಂದು ಮುಗಿಸಿದ್ದವನು ಅವನೇ. ಹೊಲವನ್ನು ಅಪಾರ್ಟ್‌ಮೆಂಟಿನವರಿಗೆ ಮಾರಿದ ವರ್ಷ ಅವನಿಗೆ ಹೊಸ ಬೈಕು ಬಂತು. ಕಾಲೇಜು ಬಿಟ್ಟ. ಮಾಡಲು ಹೊಲವಿರಲಿಲ್ಲ, ಹೋಗಲು ಕೆಲಸವಿರಲಿಲ್ಲ, ಮನೆಯಲ್ಲಿ ಕೊರತೆಯೂ ಇರಲಿಲ್ಲ. ಸಂಜೆ ಹೊತ್ತು ಟೀ ಅಂಗಡಿ ಮುಂದೆ ಯಾರೋ ಪಂಥ ಕಟ್ಟಿದರು, ಹ್ಯಾಂಡಲ್ ಲಾಕ್ ಒದ್ದು ಮುರಿಯೋಕಾಗುತ್ತಾ ಅಂತ. ತನ್ನ ಬೈಕನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಇವನು ಬೇರೆಯವರ ಬೈಕಿನ ಲಾಕ್ ಮುರಿದು ಕದ್ದ.

ಅವನಪ್ಪ ಬದುಕಿದ್ದಾಗ ಬಾವಿ ಹಗ್ಗದಲ್ಲಿ ಹೊಡೆದಿದ್ದರು. ಆಮೇಲೆ ಪೊಲೀಸ್ ಸ್ಟೇಷನ್ನಿನಲ್ಲೂ ಏಟು ಬಿದ್ದವು. ಏಟು ಸಾಲದೆ ಕೆಟ್ಟ ಎನ್ನುವವರಿಗೆ ಅವನ ಬೆನ್ನು ತೋರಿಸಬೇಕು ಎಂದು ಶ್ಯಾಮಲಾಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಮೊದಲ ಸಲ ಬಿಡುಗಡೆಯಾಗಿ ಬಂದಾಗ ಬೊಮ್ಮನಹಳ್ಳಿಯ ಗ್ಯಾರೇಜೊಂದು ಅವನನ್ನು ಸೇರಿಸಿಕೊಂಡಿತ್ತು. ಎಲ್ಲೇ ಗಾಡಿ ಕಳೆದರೂ ಪೊಲೀಸರು ಅಲ್ಲಿಗೆ ಬಂದು ಹೋಗುತ್ತಿದ್ದರು. "ನೀನೇನೋ ಒಳ್ಳೆಯವನೇ ಗುರು, ನಂಗೆ ಗಿರಾಕಿ ಬೇಕಲ್ಲ," ಎಂದು ಮಾಲೀಕ ಕೈ ಮುಗಿದ. ಮನೆಯಲ್ಲೂ ಅಷ್ಟೇ. ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ತರಕಾರಿ ತರಲು ಅವನನ್ನು ಕಳಿಸುತ್ತಿರಲಿಲ್ಲ. ಇಡೀ ಬೆಂಗಳೂರಿನಲ್ಲಿ ಅವನನ್ನು ಕಂಡು "ಬಾ ಮಗಾ, ಊಟ ಆಯ್ತಾ?" ಎನ್ನುತ್ತಿದ್ದವನೆಂದರೆ ಪರಮಾನಂದ ಎಂಬ ಜೈಲಿನ ಗೆಳೆಯನೊಬ್ಬನೇ. ಎರಡನೇ ಸಲ ಹಿಡಿದದ್ದು ಇಬ್ಬರನ್ನೂ ಒಟ್ಟಿಗೆ.

ವರ್ತೂರಿನಲ್ಲಿ ಕೆರೆಯ ವಾಸನೆಯನ್ನೂ ಮೀರಿ ಹೋಮದ ಹೊಗೆ ತುಂಬಿತ್ತು. ಚಿಕ್ಕಬೈರಪ್ಪ ಹೊಸ ಪಂಚೆಯಲ್ಲಿ ಮಹಡಿ ಮಹಡಿಗೂ ಕರೆದೊಯ್ದು ಬಾಡಿಗೆಗೆ ಕಟ್ಟಿದ ಕೋಣೆಗಳನ್ನು ತೋರಿಸಿದರು. ಶ್ಯಾಮಲಾ ಎರಡನೇ ಮಹಡಿಯ ಮೆಟ್ಟಿಲಲ್ಲಿ ನಿಂತು ಶಶಿಗೆ ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಅಂದುಕೊಂಡಳು. ಮೂರನೇ ಮಹಡಿಯಲ್ಲಿ ಮತ್ತೆ ಮಾಡಿದಳು. ಮಲಗಿರಬೇಕು. ಕೆಳಗೆ ಬಂದು ಹೆಂಗಸರ ನಡುವೆ ಕೂತಳು, ಎದ್ದಳು, ನೀರು ಕುಡಿದಳು, ಮತ್ತೆ ಕೂತಳು.

"ಏನಕ್ಕಾ, ಜಮಖಾನದ ಮೇಲೆ ಇರುವೆ ಬಿಟ್ಟಿದ್ದಾರಾ?" ಎಂದು ನಕ್ಕವಳು ಚಿಕ್ಕಬೈರಪ್ಪನ ಮಗಳು ಆಶಾರಾಣಿ. ಆಮೇಲೆ ದನಿ ತಗ್ಗಿಸಿದಳು. "ಶಶಿ ಹೆಂಗಿದ್ದಾನೆ? ಮನೇಲೇ ಇದ್ದಾನಾ?"

"ಮನೇಲೇ ಇದ್ದಾನೆ. ಮನೆ ನೋಡ್ಕೊಳ್ಳೋಕೆ ಅವನೇ ಇರೋದು."

ಹೂ ಕಟ್ಟುತ್ತಿದ್ದವರೊಬ್ಬರು ತಮ್ಮ ಕೈಚೀಲವನ್ನು ಸುಮ್ಮನೆ ಮಡಿಲಿಗೆ ಎಳೆದುಕೊಂಡರು, ಶಶಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಾನೋ ಎಂಬಂತೆ.

"ಧೈರ್ಯ ಕಣಕ್ಕಾ ನಿಂದು," ಎಂದಳು ಆಶಾರಾಣಿ. "ಹೊಟ್ಟೆಗಿಲ್ದೋರು ಕದ್ರೆ ಅದು ಬೇರೆ, ಪಾಪ ಅನ್ಸುತ್ತೆ. ತಿಂದುಂಡು ಇರೋರು ಕದ್ರೆ ಅದೊಂದು ಕಾಯಿಲೆ ಅಂತೆ. ಗುಣ ಆಗಲ್ವಂತೆ."

ಚಿಕ್ಕಬೈರಪ್ಪ ಎಲೆ ಅಡಿಕೆ ತಟ್ಟೆಗೆಂದು ಬಂದವರು ಅಲ್ಲೇ ನಿಂತರು. "ಕಾಯಿಲೇನೂ ಇಲ್ಲ, ಕಸಾಲೇನೂ ಇಲ್ಲ. ರಕ್ತ ಕಣಮ್ಮ, ರಕ್ತ. ಹುಟ್ಟುಗುಣ ಸುಟ್ರೂ ಹೋಗಲ್ಲ."

"ಇವರೂ ಅದೇ ರಕ್ತ ಅಲ್ವಾ ಮಾವ?" ಎಂದಳು ಶ್ಯಾಮಲಾ, ಆಚೆ ಕುರ್ಚಿಯಲ್ಲಿ ಕೂತ ಗಂಡನತ್ತ ತೋರಿಸಿ.

"ಅದಕ್ಕೇ ಮತ್ತೆ, ನನ್ನ ಕಂಡಾಗೆಲ್ಲ ಗುಂಜೂರು ಸೈಟು ಬರ್ಕೊಡು ಮಾವ ಅಂತಾನೆ!" ಎಂದರು ಚಿಕ್ಕಬೈರಪ್ಪ. ಎಲ್ಲರೂ ನಕ್ಕರು. ಅಶ್ವತ್ಥಮ್ಮ ಮಾತ್ರ ನಗಲಿಲ್ಲ. ಅಣ್ಣ ರಕ್ತ ಅಂದದ್ದು ತನ್ನ ಗಂಡನ ಮನೆಯ ರಕ್ತವನ್ನು ಎಂದು ಅವರಿಗೆ ಗೊತ್ತಾಗದೆ ಇರಲಿಲ್ಲ. ಅವರು ಕುತ್ತಿಗೆಯ ಸರಗಳ ಕೆಳಗೆ ಸೆರಗು ತೂರಿಸಿ ಬೆವರು ಒರೆಸಿಕೊಂಡರು.

ಶ್ಯಾಮಲಾ ಇನ್ನೊಂದು ಮಾತು ಹೇಳಬೇಕೆಂದಿದ್ದಳು. ಹೊಟ್ಟೆಗಿಲ್ಲದವರೆಲ್ಲ ಕದಿಯುವುದಾದರೆ, ಬೇಗೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಷ್ಟು ಹೊತ್ತಿಗೆ ಒಂದು ಚಮಚವೂ ಉಳಿಯುತ್ತಿರಲಿಲ್ಲ. ಆದರೆ ಊಟಕ್ಕೆ ಕರೆದರು. ಮೊದಲ ಪಂಕ್ತಿಗೇ ಕೂರಿಸಿದರು. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಆಗ ಫೋನ್ ಬಂತು.

ಬೇಗೂರಿನ ಮನೆಯ ಮಹಡಿ ಮೇಲೆ ಬಾಡಿಗೆಗಿರುವ ವತ್ಸಲಾ. ಗಂಡ ಸುಬ್ರಹ್ಮಣ್ಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು.

"ಶ್ಯಾಮಲಾ, ಚಾಡಿ ಹೇಳ್ತಿದೀನಿ ಅಂದ್ಕೋಬೇಡಮ್ಮಾ. ಮೊಸರಿಗೆ ಹೆಪ್ಪು ಕೇಳೋಣ ಅಂತ ಕೆಳಗಿಳಿದೆ. ಬಾಗಿಲಿಗೆ ಹೊರಗಡೆಯಿಂದ ಬೀಗ. ಒಳಗೆ ಅವನ ಫೋನು ಒಂದೇ ಸಮ ಬಡ್ಕೋತಾ ಇದೆ. ನಮ್ಮವರು ಹಿತ್ತಿಲಿಗೂ ಹೋಗಿ ನೋಡ್ಕೊಂಡ್ ಬಂದ್ರು. ಎಲ್ಲೂ ಇಲ್ಲ. ಶ್ರೀಧರ್ ಅವರು ಹೇಳಿದ್ರಲ್ಲಾ, ಸ್ವಲ್ಪ ಗಮನ ಇಟ್ಟಿರಿ ಅಂತ, ಅದಕ್ಕೇ..."

ಶ್ಯಾಮಲಾ ಫೋನ್ ಕೆಳಗಿಟ್ಟು ಗಂಡನ ಮುಖ ನೋಡಿದಳು. "ಕಾವಲಿಗೆ ಕಾವಲು ಇಟ್ಟು ಬಂದಿದ್ರಾ?"

"ಇಟ್ಟಿದ್ದಕ್ಕೇ ಈಗ ಗೊತ್ತಾಯ್ತು," ಎಂದು ಶ್ರೀಧರ್ ಎದ್ದುಬಿಟ್ಟ.

"ಎಲೆ ಮುಂದಿಂದ ಏಳ್ತಾರೇನೋ ಅಳಿಯ? ಅಪಶಕುನ!" ಚಿಕ್ಕಬೈರಪ್ಪ ಓಡಿ ಬಂದರು. ಅಶ್ವತ್ಥಮ್ಮ ಕೋಸಂಬರಿಯಲ್ಲಿ ಒಂದು ಕಾಳು ಬಾಯಿಗೆ ಹಾಕಿಕೊಂಡು, ಎಲೆಗೆ ಕೈ ಮುಗಿದು, ಅಣ್ಣನತ್ತ ನೋಡದೆ ನಡೆದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಆಗಲೇ ಗೊತ್ತಾದ ಹಾಗಿತ್ತು. ಅದೇ ಶ್ಯಾಮಲಾಳಿಗೆ ಹೆಚ್ಚು ಚುಚ್ಚಿತು.

ಬರುವಾಗ ರಸ್ತೆ ಇನ್ನೂ ಉದ್ದವಾಗಿತ್ತು. ಕಂಪನಿ ಬಸ್ಸುಗಳು, ನೀರಿನ ಟ್ಯಾಂಕರುಗಳು, ಅಗೆದು ಬಿಟ್ಟ ಗುಂಡಿಗಳು. ಶ್ರೀಧರ್ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ.

"ಬೀರು ಕೀಲಿ ಬೇರೆ ಕೊಟ್ಟು ಬಂದಿದ್ದೀಯ. ಮಹಾತಾಯಿ."

"ಬೀರಲ್ಲಿ ಏನದೆ?" ಎಂದರು ಹಿಂದಿನ ಸೀಟಿನಿಂದ ಅಶ್ವತ್ಥಮ್ಮ. "ಎಲ್ಲಾ ನನ್ ಮೈಮ್ಯಾಗೇ ಅದೆ." ಹಾಗೆಂದವರು ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. "ನಾನು ಎತ್ತ ತಾಯಿ ಕಣಮ್ಮಿ, ನಾನೇ ಇಂಗೆ ಮಾಡ್ದೆ. ಔನು ನೋಡ್ದ. ಬೆಳಗ್ಗೆ ಕಾರು ಒರೆಸ್ತಾ ನನ್ ಕುತ್ತಿಗೇನೇ ನೋಡ್ದ."

ಶ್ಯಾಮಲಾ ಹಿಂದಕ್ಕೆ ಕೈ ಚಾಚಿ ಅತ್ತೆಯ ಮಂಡಿ ಒತ್ತಿದಳು. ಅವಳ ಕಣ್ಣ ಮುಂದೆ ಅಡುಗೆ ಮನೆಯ ಅಕ್ಕಿ ಡಬ್ಬ ಬಂದು ನಿಂತಿತ್ತು. ಬೆಳಿಗ್ಗೆ, ಇಡ್ಲಿ ಬೇಯುತ್ತಿದ್ದಾಗ, ತವರಿನಲ್ಲಿ ಕೊಟ್ಟಿದ್ದ ಕೆಂಪು ಹರಳಿನ ಓಲೆಗಳನ್ನು ಕಾಗದದಲ್ಲಿ ಸುತ್ತಿ ಆ ಡಬ್ಬದ ತಳಕ್ಕೆ ತಳ್ಳಿದ್ದಳು. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ. ಕೈ ತಾನಾಗಿ ಮಾಡಿತ್ತು. ಆಮೇಲೆ ಅದೇ ಕೈಯಲ್ಲಿ ಹೋಗಿ, "ನಿನ್ನ ಮನೆ ತಾನೆ?" ಎಂದು ಖಾಲಿ ಬೀರುವಿನ ಕೀಲಿ ಕೊಟ್ಟು ಬಂದಿದ್ದಳು. ಈಗ, ಇಷ್ಟು ದೂರದಿಂದಲೂ, ಅವಳ ಜೀವ ಆ ಡಬ್ಬದ ಒಳಗೆ ಕೈಯಾಡಿಸುತ್ತಿತ್ತು. ಇದೆಯೋ ಇಲ್ಲವೋ, ಇದೆಯೋ ಇಲ್ಲವೋ.

ಬೇಗೂರಿನ ತಮ್ಮ ಬೀದಿಗೆ ತಿರುಗಿದಾಗ ಶ್ರೀಧರ್ ಬ್ರೇಕ್ ಹಾಕಿದ.

ತಿರುವಿನಲ್ಲಿ ಬೇವಿನ ಮರ, ಅದರ ಬುಡದಲ್ಲಿ ಮುನೇಶ್ವರನ ಕಟ್ಟೆ. ಕಟ್ಟೆಯ ಮೇಲೆ ಸೊಪ್ಪು ಮಾರುವ ಮುನಿಯಕ್ಕನ ಪಕ್ಕದಲ್ಲಿ ಶಶಿ ಕೂತಿದ್ದ. ದಂಟಿನ ಸೊಪ್ಪು ಬಿಡಿಸುತ್ತಿದ್ದ. ಅವನ ತಲೆಯ ಮೇಲೆ, ಕುಂಕುಮ ಮೆತ್ತಿದ ತ್ರಿಶೂಲಕ್ಕೆ ಬೀಗದ ಕೈ ಗೊಂಚಲು ನೇತಾಡುತ್ತಿತ್ತು. ಅಲ್ಲಿಂದ ಮನೆಯ ಗೇಟು ನೇರವಾಗಿ ಕಾಣುತ್ತಿತ್ತು. ಮನೆಯ ಮಹಡಿಯಿಂದ ನೋಡಿದರೆ ಮಾತ್ರ ಬೇವಿನ ಕೊಂಬೆ ಕಟ್ಟೆಯನ್ನು ಮುಚ್ಚುತ್ತಿತ್ತು.

"ಅಣ್ಣ ಇಷ್ಟು ಬೇಗ ಬಂದ್ಬಿಟ್ರಾ?" ಶಶಿ ಎದ್ದು ನಿಂತ.

"ಮನೆ ಕಾಯೋ ಅಂದ್ರೆ ಬೀದೀಲಿ ಕೂತು ಸೊಪ್ಪು ಬಿಡಿಸ್ತಿದ್ದೀಯೇನೋ?" ಶ್ರೀಧರ್ ಕಾರಿನ ಬಾಗಿಲು ಬಡಿದ ಸದ್ದಿಗೆ ಮುನಿಯಕ್ಕ ಬೆಚ್ಚಿದಳು.

"ಇಲ್ಲಿಂದ್ಲೇ ನೋಡ್ಕೊಂಡಿದೀನಲ್ಲಣ್ಣ. ಹಿಂದಿನ ಬಾಗಿಲಿಗೂ ಅಗುಳಿ ಹಾಕಿದೀನಿ."

"ಅಯ್ಯೋ ಪಾಪಿ! ಬೀಗದ ಕೈನ ತ್ರಿಸೂಲಕ್ಕೆ ತಗಲಾಕಿದೀಯಲ್ಲೋ," ಎಂದರು ಅಶ್ವತ್ಥಮ್ಮ. "ಉಂಡೀನೇ ಒಡೆದ್ಬುಟ್ಟವ್ರೆ ಇಲ್ಲಿ!"

"ಅದು ನಾನಲ್ಲ ಕಣವ್ವ. ಆಗ ನಾನು ಒಳಗಿದ್ದೆ."

ಮುನಿಯಕ್ಕ ಮೊದಲು ನಕ್ಕಳು. "ನೀವು ಓದ್ ಗಳಿಗೇಗೆ ಬಂದು ಕೂತವ್ನೆ ಕಣಮ್ಮ. ಏಳು ಉಣ್ಣೋಗು ಅಂದ್ರೂ ಇಲ್ಲ. ನನ್ನ ಸೊಪ್ಪೆಲ್ಲಾ ಬಿಡಿಸ್ಬುಟ್ಟ, ಬಾಡೋದ್ರೆ ಇನ್ಯಾರು ಕೊಳ್ತಾರೋ."

ಶ್ರೀಧರ್ ನಗಲಿಲ್ಲ. ತ್ರಿಶೂಲದಿಂದ ಗೊಂಚಲು ಎಳೆದುಕೊಂಡು ಮನೆಗೆ ಹೋದ. ಒಂದೊಂದು ಕೋಣೆಯನ್ನೂ ನೋಡಿ ಬಂದ. ಎಲ್ಲ ಇದ್ದ ಹಾಗೇ ಇತ್ತು. ಮಹಡಿಯಿಂದ ವತ್ಸಲಾ ಬಗ್ಗಿ, "ಸಿಕ್ಕಿದ್ನಾ?" ಎಂದು ಕೇಳಿ, ಶಶಿಯನ್ನು ಕಂಡು ಒಣಗಿದ್ದ ಬಟ್ಟೆಯನ್ನು ಮತ್ತೆ ಕೊಡವತೊಡಗಿದರು.

"ಏನೂ ಹೋಗಿಲ್ಲ ತಾನೆ?" ಎಂದಳು ಶ್ಯಾಮಲಾ.

"ಹೋಗಿಲ್ಲ. ಆದ್ರೆ ನಾನು ಹೇಳಿದ್ದೇನು? ಮನೇಲಿ ಕೂತಿರಲಿ ಅಂತ. ಒಂದು ದಿನ ಒಂದು ಕಡೆ ಕೂರೋಕಾಗದೋನು ಅಂಗಡೀಲಿ ಕೂರ್ತಾನಾ? ನಾಳೆ ಮೊಬೈಲಿನವನಿಗೆ ಹ್ಞೂ ಅಂತೀನಿ. ಮುಗೀತು."

ಶಶಿ ಹೊಸ್ತಿಲ ಆಚೆಯೇ ನಿಂತು ಕೇಳಿಸಿಕೊಂಡ. ಸರಿ ಎನ್ನುವ ಹಾಗೆ ತಲೆ ಆಡಿಸಿದ, ಅಷ್ಟೇ.

ಶ್ಯಾಮಲಾ ಅಡುಗೆ ಮನೆಗೆ ಹೋಗಿ ಹಾಲು ಕಾಯಲಿಟ್ಟಳು. ಚಿತ್ರಾನ್ನ ಮುಚ್ಚಿದ ಹಾಗೇ ಇತ್ತು. ಅಕ್ಕಿ ಡಬ್ಬದತ್ತ ಅವಳು ನೋಡಲಿಲ್ಲ. "ಶಶಿ, ಬಾ ಇಲ್ಲಿ. ಊಟ ಮಾಡು."

ಅವನು ಬಂದು ನೆಲದ ಮೇಲೆ ಕೂತ. ತಟ್ಟೆ ಮುಂದಿಟ್ಟು ಅವಳೂ ಎದುರು ಕೂತಳು.

"ಯಾಕೋ ಹೊರಗೆ ಹೋದೆ?"

"ಒಳಗೆ ಕೂರೋಕಾಗಲಿಲ್ಲ ಅತ್ತಿಗೆ." ಅವನು ಒಂದು ತುತ್ತು ಕಲಸಿ ಹಾಗೇ ಬಿಟ್ಟ. "ನೀವೆಲ್ಲ ಹೋದ್ಮೇಲೆ ಮನೆ ಸದ್ದೇ ಇಲ್ಲ. ಗೊಂಚಲು ಜೇಬಲ್ಲಿ ಭಾರ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಮನೇಲಿ ಒಬ್ನೇ ಇದ್ದೆ ಅಂದ್ರೆ ಯಾರು ನಂಬ್ತಾರೆ? ಬೀದೀಲಿ ಕೂತ್ರೆ ನಾಲ್ಕು ಜನ ನೋಡಿರ್ತಾರೆ."

"ಫೋನು ಯಾಕೆ ಬಿಟ್ಟು ಹೋದೆ? ಎಷ್ಟು ಸಲ ಮಾಡ್ದೆ ಗೊತ್ತಾ?"

ಹಾಲು ಉಕ್ಕುವ ಸದ್ದಾಯಿತು. ಅವಳು ಎದ್ದು ಉರಿ ಸಣ್ಣ ಮಾಡಿ ಬಂದಳು.

"ಪರಮಾನಂದ ಫೋನ್ ಮಾಡಿದ್ದ. ಒಬ್ನೇ ಇದೀಯಾ ಮಗಾ, ಬಿರಿಯಾನಿ ತರ್ತೀನಿ, ಒಟ್ಟಿಗೆ ತಿನ್ನಣ ಅಂದ. ಬಾ ಅನ್ನೋದು ಬಾಯಿಗೆ ಬಂದ್ಬಿಟ್ಟಿತ್ತು ಅತ್ತಿಗೆ. ಸುಳ್ಳು ಹೇಳಲ್ಲ. ಅವನು ಬಂದಿದ್ರೆ ಮೊದ್ಲು ಊಟ, ಆಮೇಲೆ ಮಾತು, ಆಮೇಲೆ ಯಾವ್ದೋ ಗಾಡಿ ಸುದ್ದಿ. ನಂಗೊತ್ತು. ಬೇಡ ಅಂತ ಇಟ್ಟೆ. ಮತ್ತೆ ಮಾಡ್ದ. ಮತ್ತೆ ಮಾಡ್ದ. ಅದಕ್ಕೇ ಫೋನು ಒಳಗಿಟ್ಟು ಬೀಗ ಹಾಕ್ಕೊಂಡು ಹೋದೆ."

"ದುಡ್ಡಿಗೋಸ್ಕರ ಅಲ್ವಾ ನೀನು..." ಎಂದಳು ಅವಳು.

"ದುಡ್ಡಾ?" ಅವನು ಮೊದಲ ಸಲ ನಕ್ಕ. "ನಮ್ಮನೇಲಿ ದುಡ್ಡಿಗೇನು ಅತ್ತಿಗೆ. ಬೀರು ಖಾಲಿ ಅಂತ ನಂಗೊತ್ತಿರಲಿಲ್ಲ ಅಂದ್ಕೊಂಡ್ರಾ? ಅವ್ವನ ಕುತ್ತಿಗೆ ನೋಡಿದ್ರೆ ಗಾಂಧಿ ಬಜಾರಿನ ಒಡವೆ ಅಂಗಡಿ ಹಂಗಿತ್ತು. ಖಾಲಿ ಬೀರು ಕೀಲಿ ಕೊಟ್ಟಾಗ ಬೇಜಾರಾಯ್ತು. ಆಮೇಲೆ ಅನ್ನಿಸ್ತು, ಅಷ್ಟಾದ್ರೂ ಕೊಟ್ರಲ್ಲ ಅಂತ."

ಶ್ಯಾಮಲಾ ತಲೆ ತಗ್ಗಿಸಿದಳು. ಸೆರಗಿನ ಅಂಚಿನ ದಾರವೊಂದನ್ನು ಎಳೆಯುತ್ತಾ ಕೂತಳು. ಪರೀಕ್ಷೆ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅದು ಪರೀಕ್ಷೆಯೇ ಆಗಿತ್ತು. ಒಬ್ಬನನ್ನೇ ಮನೆಯಲ್ಲಿ ಕೂಡಿಹಾಕಿ, ಕದಿಯುತ್ತಾನೋ ಇಲ್ಲವೋ ನೋಡುವುದು. ಅವನು ಕೆಟ್ಟದ್ದೇ ಒಬ್ಬನೇ ಆದಾಗ. ಅದು ಅವಳಿಗೆ ಮೊದಲೇ ಗೊತ್ತಿತ್ತು, ಆದರೂ ಕೈಯಲ್ಲಿ ಗೊಂಚಲು ಇಟ್ಟು ಒಬ್ಬನನ್ನೇ ಬಿಟ್ಟು ಹೋಗಿದ್ದಳು.

"ಅಣ್ಣನಿಗೆ ಪರಮಾನಂದನ ವಿಷಯ ಹೇಳ್ತೀರಾ?" ಎಂದ ಶಶಿ.

ಹೇಳಿದರೆ ಅಂಗಡಿಯ ಆಸೆ ಪೂರ್ತಿ ಹೋದ ಹಾಗೆ. ಹೇಳದಿದ್ದರೆ ಅದೂ ಬಚ್ಚಿಟ್ಟ ಹಾಗೆ, ಇನ್ನೊಂದು ಅಕ್ಕಿ ಡಬ್ಬ.

"ಹೇಳ್ತೀನಿ," ಎಂದಳು. "ನೀನು ಉಣ್ಣು ಮೊದ್ಲು."

ಶ್ರೀಧರ್ ಹಜಾರದಲ್ಲಿ ಕಣ್ಣು ಮುಚ್ಚಿ ಒರಗಿದ್ದ. ಶ್ಯಾಮಲಾ ಕಾಫಿ ಲೋಟ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ನೆಟ್ಟಗೆ ಕೂತ.

"ನೋಡಿದ್ಯಾ? ಇನ್ನೂ ಆ ಸಂಗ ಬಿಟ್ಟಿಲ್ಲ."

"ಬಿಟ್ಟಿದ್ದಕ್ಕೇ ಕಟ್ಟೆ ಮೇಲೆ ಕೂತಿದ್ದ. ನಮ್ಮಲ್ಲಿ ಯಾರಾದ್ರೂ ಅವನಿಗೆ ಊಟ ಆಯ್ತಾ ಅಂತ ಕೇಳಿದ್ವಾ? ಫೋನ್ ಮಾಡಿದ್ದು ನಾನು, ಮನೆ ಇದೆಯಾ ಅಂತ ಕೇಳೋಕೆ."

"ನಾಳೆ ಅವನು ಮತ್ತೆ ಫೋನ್ ಮಾಡಿದ್ರೆ? ಅಂಗಡಿಗೇ ಬಂದು ಕೂತ್ರೆ?"

"ಬರ್ತಾನೆ. ಬಂದೇ ಬರ್ತಾನೆ." ಅವಳು ಟೇಬಲ್ಲಿನ ಮೇಲಿದ್ದ ಗೊಂಚಲಿನಿಂದ ಮಳಿಗೆಯ ಕೀಲಿ ಬಿಡಿಸತೊಡಗಿದಳು. "ಅದಕ್ಕೇ ನನ್ನ ಹೊಲಿಗೆ ಮಿಷನ್ನೂ ಅಲ್ಲಿಗೇ ಹೋಗುತ್ತೆ. ಅರ್ಧ ಅವನಿಗೆ, ಅರ್ಧ ನನಗೆ. ಅಡುಗೆ ಮುಗಿಸಿ ನಾನೂ ಅಲ್ಲೇ ಕೂರ್ತೀನಿ. ಪರಮಾನಂದ ಬಂದ್ರೆ ನನ್ನ ಮುಂದೇನೇ ಕೂತು ಬಿರಿಯಾನಿ ತಿನ್ನಲಿ."

"ಇದೇನು ಮಾತೂಂತ. ಗ್ರೀಸಿನ ಪಕ್ಕ ರವಿಕೆ ಹೊಲೀತೀಯಾ?"

"ಕರೆಯಾದ್ರೆ ಒಗೀತೀನಿ."

ಅಶ್ವತ್ಥಮ್ಮ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬಂದು ಹಜಾರದ ನಡುವೆ ಕೂತರು. ಕುತ್ತಿಗೆಯಿಂದ ಸರಗಳನ್ನು ಒಂದೊಂದಾಗಿ ತೆಗೆದು ಅಲ್ಲಿದ್ದ ಸೊಪ್ಪು ಬಿಡಿಸುವ ಮೊರದಲ್ಲಿ ಹಾಕಿದರು. ಬೆವರಿಗೆ ಕುತ್ತಿಗೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದಿತ್ತು.

"ಲೇ ಶಶಿ," ಎಂದು ಅಡುಗೆ ಮನೆಯತ್ತ ಕೂಗಿದರು. "ಕೈ ತೊಳಕೊಂಡು ಬಾ. ಒಸಿ ಕೊಬ್ಬರಿ ಎಣ್ಣೆ ಅಚ್ಚು ಕುತ್ತಿಗೇಗೆ. ಉರೀತದೆ."

ಅವನು ಬಂದ. ಮೊರದಲ್ಲಿದ್ದ ಚಿನ್ನವನ್ನು ದಾಟಿ ಅವ್ವನ ಹಿಂದೆ ಕೂತು ಎಣ್ಣೆ ಹಚ್ಚಿದ. ಶ್ರೀಧರ್ ಮೊರವನ್ನೂ ತಮ್ಮನನ್ನೂ ನೋಡಿದ, ಕಾಫಿ ಕುಡಿದ. ಆಮೇಲೆ ಎದ್ದು ಜಗಲಿಗೆ ಹೋಗಿ ಫೋನಿನಲ್ಲಿ ಯಾರಿಗೋ, "ನಾಳೆ ಬರಬೇಡಿ ಸಾರ್, ಮನೆಯವರಿಗೇ ಬೇಕಂತೆ," ಎನ್ನುವುದು ಕೇಳಿಸಿತು. ಬೇಸರದ ದನಿಯೇ. ಆದರೆ ಹೇಳಿದ್ದು ಅದೇ ಮಾತು.

ಶ್ಯಾಮಲಾ ಅಡುಗೆ ಮನೆಗೆ ಹೋಗಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ಕಾಗದದ ಪೊಟ್ಟಣ ಬೆರಳಿಗೆ ಸಿಕ್ಕಿತು. ಓಲೆಗಳನ್ನು ಕಿವಿಗೆ ಹಾಕಿಕೊಂಡು ಹೊರಬಂದಳು. ಶಶಿ ಒಮ್ಮೆ ನೋಡಿದ. ಓಲೆಯ ಹರಳಿಗೆ ಅಕ್ಕಿಯ ಬಿಳಿ ಹುಡಿ ಮೆತ್ತಿತ್ತು. ಅವನು ಎಣ್ಣೆ ಹಚ್ಚುವುದನ್ನು ಮುಂದುವರಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಅತ್ತಿಗೆ ಮೈದುನ ಇಬ್ಬರೂ ಸೇರಿ ಮಳಿಗೆಯ ಶಟರ್ ಎತ್ತಿದರು. ತುಕ್ಕು ಹಿಡಿದ ಸದ್ದು ಬೀದಿಯೆಲ್ಲ ಕೇಳಿತು. ಮುನಿಯಕ್ಕ ಕಟ್ಟೆಯಿಂದಲೇ, "ಏನು ಅಂಗಡಿ ಕಣಮ್ಮ?" ಎಂದು ಕೂಗಿದಳು. ಹೊಲಿಗೆ ಮಿಷನ್ನನ್ನು ಶಶಿ ಹೊತ್ತು ತಂದು ಬೆಳಕು ಬೀಳುವ ಕಡೆ ಇಟ್ಟ. ಎದುರು ಮೂಲೆಯಲ್ಲಿ ಸ್ಪ್ಯಾನರುಗಳನ್ನು ಗೋಣಿಚೀಲದ ಮೇಲೆ ಹರಡಿದ. ಅವನ ಫೋನು ಮಿಷನ್ನಿನ ಹಲಗೆಯ ಮೇಲಿತ್ತು. ಅದು ನಡುಗಿತು. ಪರದೆಯ ಮೇಲೆ ಪರಮಾನಂದನ ಹೆಸರು.

ಇಬ್ಬರೂ ಅದನ್ನೇ ನೋಡಿದರು. ಎತ್ತು ಎಂದೂ ಅವಳು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎದೆ ಮಾತ್ರ ಬೆಳಿಗ್ಗೆಯಿಂದ ಹೊಡೆದುಕೊಳ್ಳುತ್ತಿದ್ದ ಹಾಗೇ ಹೊಡೆದುಕೊಳ್ಳುತ್ತಿತ್ತು. ನಾಳೆಯೂ ಹೊಡೆದುಕೊಳ್ಳುತ್ತದೆ, ನಾಡಿದ್ದೂ.

ಶಶಿ ಎತ್ತಿದ. "ಹ್ಞೂ ಮಚ್ಚಾ. ಇಲ್ಲ, ಆಗಲ್ಲ. ಕೆಲಸದಲ್ಲಿದೀನಿ. ಅತ್ತಿಗೆ ಜೊತೇಲಿದ್ದಾರೆ."

ಶ್ಯಾಮಲಾ ಮಿಷನ್ನಿನ ಪೆಡಲ್ ಮೇಲೆ ಕಾಲಿಟ್ಟಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ, ಆದರೂ ತುಳಿದಳು. ಚಕ್ರ ಸದ್ದು ಮಾಡುತ್ತಾ ತಿರುಗಿತು. ಆಗಾಗ ಅವಳು ತಲೆ ಎತ್ತಿ ಆ ಮೂಲೆಗೆ ನೋಡುತ್ತಿದ್ದಳು, ಅವನಿದ್ದಾನೋ ಎಂದು. ಪ್ರತಿ ಸಲವೂ ಅವನೂ ಸ್ಪ್ಯಾನರಿನಿಂದ ತಲೆ ಎತ್ತಿ ಇತ್ತಲೇ ನೋಡುತ್ತಿದ್ದ, ಅವಳಿದ್ದಾಳೋ ಎಂದು.